ಡಿಜಿಟಲ್ ಆರೋಗ್ಯ ವ್ಯವಸ್ಥೆಯನ್ನು ವೈದ್ಯರು ಒಪ್ಪುವುದು ಯಾವಾಗ?

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಆಹಾರ, ದಿನಚರ್ಯೆ, ಋತುಚರ್ಯೆ ಹಾಗೂ ಮನೆಯಂಗಳದ ಔಷಧಿ ಸಸ್ಯಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ತಿಂಗಳ ವಿಷಯ ತುಸು ಬೇರೆಯಾದುದು. ಶ್ರೀಮಠದ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಭಕ್ತರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆಗಳು ಕೆಲವಿವೆ. ಆಭಾ ಸಂಖ್ಯೆ ಮಾಡಿಸಬೇಕೇ? ಮೊಬೈಲ್‌ನಲ್ಲಿ ಡಾಕ್ಟರನ್ನು ಕಂಡರೆ ಸಾಕೇ? ಮನೆಗೆ ಬಂದ ಆಶಾ ಕಾರ್ಯಕರ್ತೆಯರು ನಮ್ಮ ಮುಖ ನೋಡುವುದಕ್ಕಿಂತ ಮೊಬೈಲ್ ನೋಡುವುದೇ ಹೆಚ್ಚಾಯಿತಲ್ಲ, ಏಕೆ? ಈ ಪ್ರಶ್ನೆಗಳ ಬೆನ್ನಿಗೆ ಇನ್ನೊಂದು ಪ್ರಶ್ನೆ ಇದೆ. ಚಿಕಿತ್ಸೆ ನೀಡುವವರು, ಅಂದರೆ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರು, ಈ ಹೊಸ ಸಾಧನಗಳನ್ನು ಮನಸ್ಸಿನಿಂದ ಒಪ್ಪಿದ್ದಾರೆಯೇ? ಒಪ್ಪದಿದ್ದರೆ ಕಾರಣವೇನು? ಇದಕ್ಕೆ ಉತ್ತರ ಹುಡುಕುವ ಮೊದಲು ನಮ್ಮದೇ ತಪ್ಪೊಂದನ್ನು ಓದುಗರ ಮುಂದಿಡುವುದು ನ್ಯಾಯವೆಂದು ತೋರುತ್ತದೆ.

ನಮಗೆ ಪಾಠ ಕಲಿಸಿದ ಪ್ರಸಂಗ

ನಾವು ವೈದ್ಯವೃತ್ತಿಗೆ ಬಂದು ಸುಮಾರು ನಾಲ್ಕು ದಶಕಗಳಾದವು. ನಮ್ಮ ಚಿಕಿತ್ಸಾಲಯಕ್ಕೆ ಕಂಪ್ಯೂಟರ್ ಬೇಡವೆಂದು ಬಹುಕಾಲ ಹಠ ಹಿಡಿದವರಲ್ಲಿ ನಾವೂ ಒಬ್ಬರು. ರೋಗಿಯ ಕೈ ಹಿಡಿದು ನಾಡಿ ನೋಡುವ ಬೆರಳುಗಳಿಗೆ ಕೀಲಿಮಣೆಯ ಹಂಗೇಕೆ ಎಂಬುದು ನಮ್ಮ ವಾದವಾಗಿತ್ತು. ಡಿಜಿಟಲ್ ದಾಖಲೆಗಳನ್ನು ಕುರಿತ ತರಬೇತಿಯೊಂದಕ್ಕೆ ಕರೆ ಬಂದಾಗ ಕೊನೆಯ ಸಾಲಿನಲ್ಲಿ ಕುಳಿತು, ಚಹಾ ವಿರಾಮದಲ್ಲಿ ಎದ್ದು ಮನೆಗೆ ಬಂದೆವು.

ಅದಾದ ಕೆಲವು ತಿಂಗಳಿಗೆ ಎಪ್ಪತ್ತು ದಾಟಿದ ರೈತರೊಬ್ಬರು ಎದೆಯುರಿ, ಹುಳಿತೇಗು ಎಂದು ನಮ್ಮಲ್ಲಿಗೆ ಬಂದರು. ಕಾಲಿನಲ್ಲಿ ತುಸು ಬಾವು ಕಂಡಿತು. “ಯಜಮಾನರೇ, ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಕೇಳಿದೆವು. “ಬಿ.ಪಿ. ಗುಳಿಗಿ ತಗೋತೀನ್ರಿ ಡಾಕ್ಟ್ರ. ಚೀಟಿ ಎಲ್ಲಾ ಮಗನ ಕಡೆ ಅದಾವ್ರಿ, ಬೆಂಗಳೂರಾಗ” ಎಂದರು. ನಾವು ಮುಂದೆ ವಿಚಾರಿಸಲಿಲ್ಲ. ಆಮ್ಲಪಿತ್ತವೆಂದು ತಿಳಿದು, ಬೇರೆ ಔಷಧಿಗಳೊಂದಿಗೆ ಜೇಷ್ಠಮಧುವಿನ ಚೂರ್ಣವನ್ನು ಕೊಟ್ಟೆವು. ಎದೆಯುರಿ ತಗ್ಗಿತು. ಅವರು ತಾವಾಗಿಯೇ ಅದನ್ನು ಒಂದೂವರೆ ತಿಂಗಳು ಮುಂದುವರಿಸಿದರು.

ಒಂದು ಬೆಳಗ್ಗೆ ಅವರ ಸೊಸೆ ಗಾಬರಿಯಿಂದ ಫೋನ್ ಮಾಡಿದರು. ಕೈಕಾಲಿನಲ್ಲಿ ಬಲವಿಲ್ಲ, ವಾಂತಿ, ಎದೆಯಲ್ಲಿ ಏನೋ ತಪ್ಪಿದಂತೆ ಬಡಿತ. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸಾಗಿಸಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಇಳಿದಿರುವುದು ತಿಳಿಯಿತು. ಅವರು ‘ಬಿ.ಪಿ. ಗುಳಿಗೆ’ ಎಂದು ಹೇಳಿದ್ದು ವಾಸ್ತವವಾಗಿ ಮೂರು ಗುಳಿಗೆಗಳಾಗಿದ್ದವು. ಅವುಗಳಲ್ಲಿ ಒಂದು ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಇನ್ನೊಂದು ಮೂತ್ರವನ್ನು ಹೆಚ್ಚಿಸಿ ಬಾವು ಇಳಿಸುವ ಔಷಧಿ. ಜೇಷ್ಠಮಧುವನ್ನು ದೀರ್ಘಕಾಲ ಸೇವಿಸಿದರೆ ದೇಹದಲ್ಲಿ ಉಪ್ಪಿನಂಶ ನಿಲ್ಲುತ್ತದೆ, ಪೊಟ್ಯಾಸಿಯಂ ಹೊರಹೋಗುತ್ತದೆ, ರಕ್ತದೊತ್ತಡ ಏರಬಹುದು. ಮೂತ್ರ ಹೆಚ್ಚಿಸುವ ಔಷಧಿಯೂ ಪೊಟ್ಯಾಸಿಯಂ ಅನ್ನು ಇಳಿಸುವಂಥದೇ. ಪೊಟ್ಯಾಸಿಯಂ ಇಳಿದಾಗ ಡಿಗಾಕ್ಸಿನ್ ಹೃದಯಕ್ಕೆ ವಿಷವಾಗಿ ಪರಿಣಮಿಸಬಲ್ಲದು. ಸಾಮಾನ್ಯರಿಗೆ ಹಿತವಾದ ಬೇರೊಂದು ಆ ಹಿರಿಯರಿಗೆ ಪ್ರಾಣಾಂತಿಕವಾಗುವುದರಲ್ಲಿತ್ತು. ದೈವಕೃಪೆಯಿಂದಲೂ ಅಲ್ಲಿಯ ವೈದ್ಯರ ಸಮಯಪ್ರಜ್ಞೆಯಿಂದಲೂ ಅವರು ಗುಣಮುಖರಾಗಿ ಮನೆಗೆ ಬಂದರು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬೆಂಗಳೂರಿನ ಕಪಾಟಿನಲ್ಲಿದ್ದ ಆ ಚೀಟಿಯ ಒಂದು ಫೋಟೋ ನಮ್ಮ ಕಣ್ಣಿಗೆ ಬಿದ್ದಿದ್ದರೆ ನಾವು ಜೇಷ್ಠಮಧುವನ್ನು ಖಂಡಿತ ಕೊಡುತ್ತಿರಲಿಲ್ಲ. ಮುಂದಿನ ತರಬೇತಿಗೆ ನಾವಾಗಿಯೇ ಹೆಸರು ಕೊಟ್ಟು ಮೊದಲ ಸಾಲಿನಲ್ಲಿ ಕುಳಿತೆವು.

ಹೊಸತರ ಬಗೆಗಿನ ಸಂಶಯ ಹಳೆಯದು

ಆಯುರ್ವೇದ ವೈದ್ಯರು ಹೊಸ ಸಾಧನಗಳನ್ನು ವಿರೋಧಿಸುತ್ತಾರೆಂಬ ಮಾತು ಆಗಾಗ ಕೇಳಿಬರುತ್ತದೆ. ಇಲ್ಲಿ ಶಾಸ್ತ್ರದ ಇತಿಹಾಸವನ್ನು ನೆನೆಯುವುದು ಒಳಿತು. ನಮ್ಮ ವೃತ್ತಿಯ ಗುರುತೆಂದೇ ಜನರು ಭಾವಿಸಿರುವ ನಾಡಿಪರೀಕ್ಷೆಯನ್ನು ಚರಕ, ಸುಶ್ರುತ, ವಾಗ್ಭಟರ ಗ್ರಂಥಗಳು ರೋಗಪರೀಕ್ಷೆಯ ಕ್ರಮವಾಗಿ ವಿವರಿಸಿಲ್ಲ. ಅದು ವ್ಯವಸ್ಥಿತವಾಗಿ ಕಾಣಿಸಿಕೊಳ್ಳುವುದು ಅವರಿಗಿಂತ ಬಹಳ ಶತಮಾನಗಳ ಅನಂತರದ ಶಾರ್ಙ್ಗಧರ ಸಂಹಿತೆಯಲ್ಲಿ. ನಾವು ಸನಾತನವೆಂದು ತಿಳಿದಿರುವುದೂ ಒಂದು ಕಾಲದಲ್ಲಿ ಹೊಸದಾಗಿ ಬಂದು ಸೇರಿದ್ದೇ.

ಪಾಶ್ಚಾತ್ಯ ವೈದ್ಯದಲ್ಲಿಯೂ ಹೀಗೆಯೇ. 1816ರಲ್ಲಿ ಪ್ಯಾರಿಸ್ ನಗರದ ವೈದ್ಯ ಲೆನೆಕ್ ಎಂಬಾತ ಹೃದ್ರೋಗದ ಲಕ್ಷಣವಿದ್ದ ಯುವತಿಯ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಂತೆ ಸುತ್ತಿ ಅದರ ಮೂಲಕ ಆಲಿಸಿದ. ಬಡಿತ ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. 1819ರಲ್ಲಿ ಆತ ಅದನ್ನು ಕುರಿತು ಗ್ರಂಥವನ್ನೇ ಬರೆದರೂ ಎಲ್ಲ ವೈದ್ಯರು ಕೂಡಲೇ ಒಪ್ಪಲಿಲ್ಲ. ಇಂದು ಆ ಸಾಧನವಿಲ್ಲದ ವೈದ್ಯರನ್ನು ಊಹಿಸುವುದೂ ಕಷ್ಟ. ರೋಗಿಯ ಹಾಸಿಗೆಯ ಬಳಿ ಅದು ಕೆಲಸಕ್ಕೆ ಬಂದಿತು, ಆದುದರಿಂದ ಉಳಿಯಿತು.

ಒಪ್ಪಿಗೆಯನ್ನು ಕುರಿತ ಅಧ್ಯಯನಗಳು

ಮನುಷ್ಯರು ಹೊಸ ತಂತ್ರಜ್ಞಾನವನ್ನು ಏಕೆ ಒಪ್ಪುತ್ತಾರೆ, ಏಕೆ ತಿರಸ್ಕರಿಸುತ್ತಾರೆ ಎಂಬುದನ್ನು ವಿದ್ವಾಂಸರು ಕ್ರಮಬದ್ಧವಾಗಿ ಅಧ್ಯಯನ ಮಾಡಿದ್ದಾರೆ. 1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ಎಂಬ ವಿದ್ವಾಂಸರು ಇದಕ್ಕೆ ಎರಡು ಮುಖ್ಯ ಕಾರಣಗಳನ್ನು ಗುರುತಿಸಿದರು. ಒಂದು, ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆ ಎಂಬ ಭಾವನೆ. ಎರಡು, ಇದನ್ನು ಬಳಸುವುದು ಸುಲಭ ಎಂಬ ಭಾವನೆ. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಈ ವಿಚಾರವನ್ನು ವಿಸ್ತರಿಸಿ ನಾಲ್ಕು ಅಂಶಗಳನ್ನು ಹೇಳಿದರು: ಪ್ರಯೋಜನದ ನಿರೀಕ್ಷೆ, ಪಡಬೇಕಾದ ಶ್ರಮ, ಸಹೋದ್ಯೋಗಿಗಳು ಹಾಗೂ ಹಿರಿಯರ ಪ್ರಭಾವ, ಮತ್ತು ಬೇಕಾದ ಅನುಕೂಲಗಳ ಲಭ್ಯತೆ. ವಯಸ್ಸು, ಅನುಭವ, ಹಾಗೂ ಬಳಕೆ ಐಚ್ಛಿಕವೋ ಕಡ್ಡಾಯವೋ ಎಂಬುದರಿಂದ ಇವುಗಳ ತೂಕ ಬದಲಾಗುತ್ತದೆ ಎಂದೂ ಅವರು ತೋರಿಸಿದರು.

ವೈದ್ಯರ ವಿಷಯದಲ್ಲಿ ಒಂದು ವಿಶೇಷವಿದೆ. ಹಾಂಗ್‌ಕಾಂಗ್‌ನ ಸರ್ಕಾರಿ ಆಸ್ಪತ್ರೆಗಳ ವೈದ್ಯರು ದೂರವೈದ್ಯ ಸೇವೆಯನ್ನು ಒಪ್ಪುವ ಬಗೆಯನ್ನು ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರ ಮನೋಭಾವವನ್ನು ನಿರ್ಧರಿಸಿದ್ದು ಉಪಯೋಗದ ನಂಬಿಕೆಯೇ ಹೊರತು ಬಳಕೆಯ ಸುಲಭತೆಗೆ ಗಣನೀಯ ಪ್ರಭಾವ ಕಂಡುಬರಲಿಲ್ಲ. ನಮ್ಮ ಅನುಭವವೂ ಇದೇ. ಕಷ್ಟವಾದುದನ್ನು ಕಲಿಯುವುದು ವೈದ್ಯರಿಗೆ ಹೊಸದಲ್ಲ. ಪಂಚಕರ್ಮವಾಗಲಿ, ಶಸ್ತ್ರಚಿಕಿತ್ಸೆಯಾಗಲಿ, ಸುಲಭವಾದ ವಿದ್ಯೆಗಳೇನಲ್ಲ. ಎದುರಿಗೆ ಕುಳಿತ ರೋಗಿಗೆ ಇದರಿಂದ ಒಳಿತಾಗುತ್ತದೆ ಎಂಬುದು ಮನದಟ್ಟಾದರೆ ಅರವತ್ತು ದಾಟಿದವರೂ ಕಲಿಯುತ್ತಾರೆ. ಮನದಟ್ಟಾಗದಿದ್ದರೆ ಮೂವತ್ತರ ತರುಣರೂ ದೂರ ಉಳಿಯುತ್ತಾರೆ.

ನಮ್ಮ ನಾಡಿನಲ್ಲಿ ಆದ ಪ್ರಯತ್ನಗಳು

ಕರ್ನಾಟಕಕ್ಕೆ ದೂರವೈದ್ಯ ಸೇವೆ ಹೊಸದೇನಲ್ಲ. 2002ರಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಆದರೂ ಬಹುಪಾಲು ವೈದ್ಯರಿಗೆ ಅದು ದೂರದ ಸಂಗತಿಯಾಗಿಯೇ ಉಳಿದಿತ್ತು. ಕೊರೊನಾ ಕಾಲ ಈ ಸ್ಥಿತಿಯನ್ನು ಬದಲಿಸಿತು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರವು ದೂರವೈದ್ಯಕ್ಕೆ ಸಂಬಂಧಿಸಿದ ಮಾರ್ಗಸೂಚಿಯನ್ನು ಹೊರಡಿಸಿತು. ಅನಂತರ ಆಯುಷ್ ವೈದ್ಯರಿಗೂ ಅಂಥದೇ ಮಾರ್ಗಸೂಚಿ ಬಂದಿತು. ಇ-ಸಂಜೀವಿನಿಯ ಮೂಲಕ ಮನೆಯಿಂದಲೇ ವೈದ್ಯರನ್ನು ಕಾಣುವ ಸೇವೆ ಆ ವರ್ಷದ ಏಪ್ರಿಲ್‌ನಲ್ಲಿ ಆರಂಭವಾಯಿತು. ಊರಿನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯ ಪಕ್ಕದಲ್ಲಿದ್ದು, ದೂರದ ವೈದ್ಯರೊಡನೆ ಮಾತನಾಡಿಸುವ ಏರ್ಪಾಡೂ ಇದರಲ್ಲಿದೆ.

2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಜಾರಿಗೆ ಬಂದಿತು. ಇದರಡಿಯಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ ಆಭಾ ಸಂಖ್ಯೆಯನ್ನು ಪಡೆಯಬಹುದು. ಆಸ್ಪತ್ರೆಯಲ್ಲಿ ಸಿದ್ಧವಾದ ದಾಖಲೆ ಆ ಆಸ್ಪತ್ರೆಯ ವ್ಯವಸ್ಥೆಯಲ್ಲಿಯೇ ಇರುತ್ತದೆ. ರೋಗಿ ಸಮ್ಮತಿ ಕೊಟ್ಟಾಗ ಮಾತ್ರ ಇನ್ನೊಬ್ಬ ವೈದ್ಯರು ಅದನ್ನು ನೋಡಬಹುದು. ಇದು ಯೋಜನೆಯ ಮೂಲ ತತ್ತ್ವ.

ವೈದ್ಯರು ಹಿಂಜರಿಯುವುದೇಕೆ?

ಮೊದಲನೆಯದು ಸಮಯ. ಬೆಳಗಿನಿಂದ ಮಧ್ಯಾಹ್ನದವರೆಗೆ ಸಾಲುಗಟ್ಟಿ ನಿಂತ ರೋಗಿಗಳಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಒಬ್ಬೊಬ್ಬರ ವಿವರವನ್ನೂ ಬೆರಳಚ್ಚು ಮಾಡಬೇಕೆಂದರೆ ಪರೀಕ್ಷೆಗೆ ಉಳಿಯುವ ಸಮಯ ಕುಗ್ಗುತ್ತದೆ. ದರ್ಶನ, ಸ್ಪರ್ಶನ, ಪ್ರಶ್ನೆ ಎಂಬ ಮೂರು ಪರೀಕ್ಷೆಗಳಲ್ಲಿ ಮೊದಲನೆಯದಾದ ದರ್ಶನವೇ ಪರದೆಯ ಪಾಲಾಗುತ್ತದೆ. ರೋಗಿಯ ಮೈಬಣ್ಣ, ಉಸಿರು, ಕಣ್ಣಿನ ಕಾಂತಿ ವೈದ್ಯರ ಕಣ್ಣಿಗೆ ಬೀಳದೆ ಹೋಗಬಹುದು. ಈ ಆತಂಕವನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸರಿಯಲ್ಲ.

ಎರಡನೆಯದು ಭಾಷೆ. ಆಯುರ್ವೇದ ವೈದ್ಯರು ‘ಆಮವಾತ’ ಎಂದು ನಿರ್ಣಯಿಸಿದರೆ ಗಣಕದಲ್ಲಿ ಅದಕ್ಕೆ ಜಾಗವಿರುತ್ತಿರಲಿಲ್ಲ. ಸಮೀಪವಾದ ಇಂಗ್ಲಿಷ್ ಹೆಸರನ್ನು ಹುಡುಕಿ ತುಂಬಬೇಕಾಗುತ್ತಿತ್ತು. ನಮ್ಮ ಚಿಂತನೆಯೇ ಇಲ್ಲಿ ಲೆಕ್ಕಕ್ಕಿಲ್ಲ ಎಂಬ ನೋವು ಅನೇಕರಲ್ಲಿತ್ತು. ಈ ಕೊರತೆ ಈಗ ನೀಗುತ್ತ ಬಂದಿದೆ. 2017ರಲ್ಲಿ ಆಯುಷ್ ಸಚಿವಾಲಯವು ‘ನಮಸ್ತೆ’ ಎಂಬ ಪೋರ್ಟಲ್ ಮೂಲಕ ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ರೋಗನಾಮಗಳಿಗೆ ಸಂಕೇತ ಸಂಖ್ಯೆಗಳನ್ನು ಒದಗಿಸಿತು. 2024ರ ಜನವರಿ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಈ ಪದ್ಧತಿಗಳಿಗಾಗಿ ಸಿದ್ಧವಾದ ವಿಭಾಗವು ದೆಹಲಿಯಲ್ಲಿ ಬಿಡುಗಡೆಯಾಯಿತು. ತನ್ನ ಶಾಸ್ತ್ರದ ಮಾತಿಗೆ ಮಾನ್ಯತೆ ದೊರೆತಾಗ ವೈದ್ಯರ ಒಪ್ಪಿಗೆಯೂ ಹತ್ತಿರವಾಗುತ್ತದೆ.

ಮೂರನೆಯದು ಗೋಪ್ಯತೆಯ ಭಯ. ರೋಗಿ ವೈದ್ಯರ ಕಿವಿಯಲ್ಲಿ ಹೇಳಿದ ಮಾತು ಬೇರೆಯವರ ಪಾಲಾದರೆ ಹೊಣೆ ಯಾರದು? 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಹಲವು ದಿನ ಅಲ್ಲಿಯ ಕೆಲಸಗಳನ್ನು ಕೈಬರಹದಲ್ಲಿ ನಡೆಸಬೇಕಾಯಿತು. ಆದುದರಿಂದ ಈ ಭಯ ನಿರಾಧಾರವಲ್ಲ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಆದರೆ ಕಾಯ್ದೆಯೊಂದರಿಂದಲೇ ವಿಶ್ವಾಸ ಹುಟ್ಟುವುದಿಲ್ಲ. ಪ್ರತಿಯೊಂದು ಆಸ್ಪತ್ರೆಯ ದಿನನಿತ್ಯದ ಎಚ್ಚರಿಕೆಯಿಂದ ಅದು ಬೆಳೆಯಬೇಕು.

ನಾಲ್ಕನೆಯದನ್ನು ಹೇಳಿಕೊಳ್ಳಲು ನಮ್ಮಂಥ ಹಿರಿಯರಿಗೆ ಸಂಕೋಚ. ಮಕ್ಕಳ ವಯಸ್ಸಿನವರ ಮುಂದೆ ಕುಳಿತು ಕಲಿಯಬೇಕಲ್ಲ ಎಂಬ ಅಭಿಮಾನ ಅದು. ನಮಗೆ ಈ ವಿದ್ಯೆಯನ್ನು ಕಲಿಸಿದವರು ಉಪಕೇಂದ್ರದ ತರುಣಿ, ಸಮುದಾಯ ಆರೋಗ್ಯ ಅಧಿಕಾರಿ. ಒಂದೇ ವಿಷಯವನ್ನು ನಾಲ್ಕು ಸಲ ಕೇಳಿದರೂ ಆಕೆ ಬೇಸರಿಸಲಿಲ್ಲ. ಐದನೆಯ ಸಲ ನಾವೇ ಒಂದು ಪುಸ್ತಕದಲ್ಲಿ ಬರೆದುಕೊಂಡೆವು!

ಆಶಾ ಕಾರ್ಯಕರ್ತೆಯರ ಕಷ್ಟ

ವೈದ್ಯರ ಹಿಂಜರಿಕೆಯನ್ನಾದರೂ ಜನ ಕೇಳುತ್ತಾರೆ. ಆಶಾ ಕಾರ್ಯಕರ್ತೆಯರ ಮಾತನ್ನು ಕೇಳುವವರು ಕಡಿಮೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಈ ಸಹೋದರಿಯರು ಗರ್ಭಿಣಿಯರ ಆರೈಕೆಯಿಂದ ಮಗುವಿನ ಲಸಿಕೆಯವರೆಗೆ ಹಳ್ಳಿಯ ಆರೋಗ್ಯದ ಭಾರವನ್ನು ಹೊತ್ತಿದ್ದಾರೆ. ಶಿಬಿರಕ್ಕೆ ಬಂದ ಒಬ್ಬರನ್ನು ಮೊಬೈಲ್ ಬಗ್ಗೆ ವಿಚಾರಿಸಿದಾಗ ಅವರು ಹೇಳಿದ್ದು ಹೀಗೆ: “ಮೊದಲ ಪುಸ್ತಕದಾಗ ಬರೀತೀವ್ರಿ ಸರ್, ಆಮ್ಯಾಲೆ ಅದನ್ನ ಮೊಬೈಲ್‌ನಾಗ ತುಂಬ್ತೀವ್ರಿ. ಊರಾಗ ನೆಟ್‌ವರ್ಕ್ ಸಿಗಂಗಿಲ್ಲ. ರಾತ್ರಿ ಅಡಿಗಿ ಆದಮ್ಯಾಲೆ ಮಾಳಿಗಿ ಹತ್ತಿ ಕಳಸ್ತೀವ್ರಿ.”

ಇದರಲ್ಲಿ ವೆಂಕಟೇಶ್ ಅವರು ಹೇಳಿದ ನಾಲ್ಕೂ ಅಂಶಗಳು ಅಡಗಿವೆ. ಒಂದೇ ವಿವರವನ್ನು ಎರಡು ಬಾರಿ ಬರೆಯುವ ಶ್ರಮವಿದೆ. ನೆಟ್‌ವರ್ಕ್‌ನ ಅನುಕೂಲವಿಲ್ಲ. ಮೇಲಿನವರ ಒತ್ತಡವಿದೆ. ತುಂಬಿದ ಮಾಹಿತಿಯಿಂದ ತನಗೇನು ಪ್ರಯೋಜನವೆಂಬುದು ಕಾಣುತ್ತಿಲ್ಲ. ಸಾಲದೆಂಬಂತೆ, ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದ ಕೆಲಸಕ್ಕೆ ಪ್ರೋತ್ಸಾಹಧನ ಕೈಸೇರುತ್ತಿಲ್ಲ ಎಂಬ ದೂರು ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರ ಹೋರಾಟಗಳಲ್ಲಿ ಕೇಳಿಬರುತ್ತಲೇ ಇದೆ. ದುಡಿದವರ ಅನ್ನಕ್ಕೆ ಅಡ್ಡ ಬರುವ ಸಾಧನವನ್ನು ಯಾರು ತಾನೆ ಪ್ರೀತಿಸಿಯಾರು?

ಅದೇ ಮೊಬೈಲ್ ಇನ್ನೊಂದು ಬಗೆಯಲ್ಲಿ ಅವರಿಗೆ ನೆರವಾಗಬಹುದು. ಈ ವಾರ ಯಾವ ಮನೆಯ ಮಗುವಿಗೆ ಲಸಿಕೆ ಬಾಕಿ ಇದೆ, ಯಾವ ಗರ್ಭಿಣಿಗೆ ರಕ್ತಹೀನತೆ ಇದೆ ಎಂಬುದನ್ನು ಅದು ಬೆಳಗ್ಗೆಯೇ ತೋರಿಸಿದರೆ ಅವರ ನಡಿಗೆ ಕಡಿಮೆಯಾಗುತ್ತದೆ. ಆಗ ಬರೆಯುವ ಕೆಲಸವೂ ಕಾಯಕದ ಭಾಗವಾಗಿ ಕಾಣುತ್ತದೆ. ಮೇಲಿನವರಿಗೆ ಲೆಕ್ಕ ಒಪ್ಪಿಸಲು ಮಾತ್ರ ಬಳಕೆಯಾಗುವ ಸಾಧನ ಹೊರೆಯಾಗಿಯೇ ಉಳಿಯುತ್ತದೆ. ಒಮ್ಮೆ ತುಂಬಿದ ಮಾಹಿತಿಯನ್ನು ಮತ್ತೆ ಪುಸ್ತಕದಲ್ಲಿ ಬರೆಯಬೇಕಾಗಬಾರದು, ನೆಟ್‌ವರ್ಕ್ ಇಲ್ಲದಾಗಲೂ ಆ್ಯಪ್ ಕೆಲಸ ಮಾಡಬೇಕು, ಅಂಕಿಅಂಶ ಬರೆದವರಿಗೇ ಮರಳಿ ಉಪಯೋಗಕ್ಕೆ ಬರಬೇಕು. ಈ ಮೂರನ್ನು ಒದಗಿಸಿದರೆ ಒಪ್ಪಿಗೆಗಾಗಿ ಆದೇಶ ಹೊರಡಿಸುವ ಅಗತ್ಯ ಬೀಳುವುದಿಲ್ಲ.

ದೂರವೈದ್ಯದ ಮಿತಿಗಳು

ಮೊಬೈಲ್‌ನಲ್ಲಿ ನಾಡಿ ಮುಟ್ಟಲಾಗದು, ಹೊಟ್ಟೆ ಒತ್ತಿ ನೋಡಲಾಗದು. ಹಿಂದೆ ಪರೀಕ್ಷಿಸಿದ ರೋಗಿಯ ಮುಂದುವರಿದ ಚಿಕಿತ್ಸೆಗೆ, ಪಥ್ಯದ ಸಲಹೆಗೆ, ತಪಾಸಣಾ ವರದಿ ನೋಡಿ ಹೇಳುವುದಕ್ಕೆ ಅದು ಅನುಕೂಲ. ಪ್ರತ್ಯಕ್ಷ ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರೆ ಹೋಗಲೇಬೇಕು. ಹಾಗೆ ನಿರ್ಧರಿಸುವ ಅಧಿಕಾರವನ್ನು ಮಾರ್ಗಸೂಚಿಯೇ ವೈದ್ಯರಿಗೆ ಕೊಟ್ಟಿದೆ. ಎದೆನೋವು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಉಸಿರು ಕಟ್ಟುವುದು, ಹಾವು ಕಡಿತ ಮುಂತಾದ ಸಂದರ್ಭಗಳಲ್ಲಿ ವಿಡಿಯೊ ಕರೆಗಾಗಿ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.

ಭಕ್ತರು ಮಾಡಬಹುದಾದುದು

ವೈದ್ಯರ ಒಪ್ಪಿಗೆ ರೋಗಿಗಳ ಸಹಕಾರವನ್ನೂ ಅವಲಂಬಿಸಿದೆ. ಆದುದರಿಂದ ಓದುಗರಲ್ಲಿ ನಮ್ಮ ಕೆಲವು ವಿನಂತಿಗಳು:

1. ಮನೆಯ ಹಿರಿಯರು ಸೇವಿಸುವ ಎಲ್ಲ ಔಷಧಿಗಳ ಚೀಟಿಗಳನ್ನೂ ಗುಳಿಗೆಯ ಪಟ್ಟಿಗಳನ್ನೂ ಇಂದೇ ಫೋಟೋ ತೆಗೆದು, ಹಿರಿಯರ ಜೊತೆಯಲ್ಲಿರುವವರ ಮೊಬೈಲ್‌ನಲ್ಲಿ ಇರಿಸಿಕೊಳ್ಳಿರಿ. ಸ್ಮಾರ್ಟ್ ಫೋನ್ ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಬರೆದು ಅವರ ಕೈಚೀಲದಲ್ಲಿಡಿರಿ.

2. ಅಲೋಪತಿ ವೈದ್ಯರ ಬಳಿ ಆಯುರ್ವೇದ ಔಷಧಿಯನ್ನೂ, ಆಯುರ್ವೇದ ವೈದ್ಯರ ಬಳಿ ಅಲೋಪತಿ ಔಷಧಿಯನ್ನೂ ಮುಚ್ಚಿಡಬೇಡಿರಿ. ಕಷಾಯ, ಚೂರ್ಣ, ಲೇಹ್ಯಗಳೂ ಔಷಧಿಗಳೇ. ವೈದ್ಯರು ಹೇಳಿದ ಅವಧಿ ಮುಗಿದ ಮೇಲೆ ಅವನ್ನು ತಾವಾಗಿಯೇ ಮುಂದುವರಿಸಬೇಡಿರಿ. ಹೃದಯ, ಮೂತ್ರಪಿಂಡ, ರಕ್ತದೊತ್ತಡದ ತೊಂದರೆ ಇರುವವರು ಜೇಷ್ಠಮಧುವನ್ನು ವೈದ್ಯರನ್ನು ಕೇಳದೆ ಸೇವಿಸಬಾರದು.

3. ಆಭಾ ಸಂಖ್ಯೆಯೇ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಆಯುಷ್ಮಾನ್ ಕಾರ್ಡ್ ಚಿಕಿತ್ಸಾ ವೆಚ್ಚಕ್ಕೆ ಸಂಬಂಧಿಸಿದ್ದು. ಆಭಾ ನಿಮ್ಮ ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಗುರುತು. ಇದು ಸ್ವಇಚ್ಛೆಯದು, ಇದಕ್ಕೆ ಶುಲ್ಕವಿಲ್ಲ. ದೀರ್ಘಕಾಲದ ರೋಗವಿರುವವರಿಗೆ ಇದು ಉಪಯುಕ್ತವೆಂಬುದು ನಮ್ಮ ಅಭಿಪ್ರಾಯ.

4. ಸಮ್ಮತಿ ಕೇಳಿದಾಗ ಯಾರು, ಯಾವ ದಾಖಲೆಯನ್ನು, ಎಷ್ಟು ದಿನ ನೋಡಬೇಕೆನ್ನುತ್ತಾರೆ ಎಂಬುದನ್ನು ಓದಿ, ಅಥವಾ ಮನೆಯ ವಿದ್ಯಾವಂತರಿಂದ ಓದಿಸಿ, ಒಪ್ಪಿಗೆ ಕೊಡಿರಿ. ಆಸ್ಪತ್ರೆಯ ಹೆಸರು ಹೇಳಿ ಫೋನಿನಲ್ಲಿ ಓಟಿಪಿ ಕೇಳುವವರಿಗೆ ಅದನ್ನು ತಿಳಿಸಬೇಡಿರಿ.

5. ಮನೆಗೆ ಬಂದ ಆಶಾ ಕಾರ್ಯಕರ್ತೆಯು ಮೊಬೈಲ್ ಹಿಡಿದರೆ ಬೇಸರಪಡಬೇಡಿರಿ. ತಾಯಿ ಕಾರ್ಡ್ ಹಾಗೂ ಲಸಿಕೆ ಕಾರ್ಡನ್ನು ಸಿದ್ಧವಾಗಿಟ್ಟುಕೊಂಡರೆ ಅವರ ಸಮಯ ಉಳಿಯುತ್ತದೆ. ಆ ಸಮಯ ನಿಮ್ಮ ಆರೈಕೆಗೇ ಸಲ್ಲುತ್ತದೆ.

6. ವೈದ್ಯರು ಪರದೆಯನ್ನೇ ನೋಡುತ್ತಿದ್ದರೆ, “ನನ್ನ ಮಾತು ಒಂದಿಷ್ಟು ಕೇಳಿರಿ” ಎಂದು ವಿನಯದಿಂದ ಹೇಳಲು ಹಿಂಜರಿಯಬೇಡಿರಿ. ಅದು ನಿಮ್ಮ ಹಕ್ಕು, ನಮಗೂ ಒಂದು ಎಚ್ಚರಿಕೆ.

ಈಗ ನಮ್ಮ ಚಿಕಿತ್ಸಾಲಯದಲ್ಲಿ ಒಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ರೋಗಿ ಬಂದು ಕುಳಿತಾಗ ಮೊದಲು ಕೈಹಿಡಿದು ನಾಡಿ ನೋಡುತ್ತೇವೆ, ಮಾತು ಕೇಳುತ್ತೇವೆ. ಅದು ಮುಗಿದ ಮೇಲೆ ಹಳೆಯ ದಾಖಲೆಗಳನ್ನು ನೋಡಿ ಬರೆದುಕೊಳ್ಳುತ್ತೇವೆ. ಅನಂತರವೇ ಔಷಧಿಯ ಚೀಟಿ. ಇದರಿಂದ ದಿನಕ್ಕೆ ನಾಲ್ಕೈದು ರೋಗಿಗಳನ್ನು ಕಡಿಮೆ ನೋಡುವಂತಾಗಿದೆ. ಅದರ ಬಗ್ಗೆ ನಮಗೆ ವ್ಯಥೆಯಿಲ್ಲ.

ಆ ಹಿರಿಯ ರೈತರು ಈಗಲೂ ನಮ್ಮಲ್ಲಿಗೆ ಬರುತ್ತಾರೆ. ನಮ್ಮ ತಪ್ಪನ್ನು ಅವರು ಎಂದೂ ಎತ್ತಿ ಆಡಿಲ್ಲ. ಕಳೆದ ಬಾರಿ ಬಂದಾಗ ನಾವು ಕೇಳುವ ಮೊದಲೇ ಮೊಮ್ಮಗಳನ್ನು ಕರೆದು, “ತಂಗೀ, ಡಾಕ್ಟ್ರಿಗೆ ಚೀಟಿ ತೋರ್ಸವಾ” ಎಂದರು. ಆ ಹುಡುಗಿ ಮೊಬೈಲ್ ತೆರೆದು ನಮ್ಮ ಮುಂದೆ ಹಿಡಿದಳು. ನಾವು ಕನ್ನಡಕ ಹಾಕಿಕೊಂಡು ಮೂರೂ ಗುಳಿಗೆಗಳ ಹೆಸರನ್ನು ನಿಧಾನವಾಗಿ ಓದಿಕೊಂಡೆವು.